ಇಬ್ಬರಿಗೂ ಒಂದೇ ದಿನದ ಬಿಡುವು



ರಜೆಗೆಂದು ಊರಿಗೆ ಬಂದಾಗಲೆಲ್ಲ ನನ್ನ ಸೋದರತ್ತೆಯವರು ತಪ್ಪದೆ ಕೇಳುವ ಪ್ರಶ್ನೆಯೊಂದಿದೆ. "ಅಲ್ಲಿರೋದು ನೀವಿಬ್ಬರೇ. ದನಕರು ಇಲ್ಲ, ಗದ್ದೆ ಇಲ್ಲ, ಬಂದು ಹೋಗೋ ನೆಂಟರಿಲ್ಲ. ಕೆಲಸ ಮುಗಿದ ಮೇಲೆ ಹೊತ್ತು ಹೆಂಗಮ್ಮ ಕಳೀತೀರಿ?" ಈ ಪ್ರಶ್ನೆಯಲ್ಲಿ ಕುಹಕವಿಲ್ಲ, ನಿಜವಾದ ಮರುಕವಿದೆ. ಬೆಳಿಗ್ಗೆ ಹಟ್ಟಿಯ ಬಾಗಿಲು ತೆರೆದರೆ ರಾತ್ರಿ ಒಲೆ ಆರಿಸುವವರೆಗೂ ಬಿಡುವು ಕಾಣದ ಅವರಿಗೆ, ಎರಡು ಕೋಣೆಯ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುವ ಬದುಕು ಒಂದು ದೀರ್ಘವಾದ ಭಾನುವಾರದಂತೆ ತೋರುವುದು ಸಹಜ. ಪರದೇಶದಲ್ಲಿ ಮಕ್ಕಳಿರುವ ಅನೇಕ ಹಿರಿಯರು ಈ ಪತ್ರಿಕೆಯನ್ನು ಓದುತ್ತಾರೆ. ಅವರ ಮನಸ್ಸಿನಲ್ಲಿಯೂ ಇಂಥದೊಂದು ಚಿತ್ರವಿದ್ದೀತು ಎಂದು ಭಾವಿಸಿ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ನಾವು ಶಾರ್ಜಾಕ್ಕೆ ಬಂದದ್ದು 2008ರಲ್ಲಿ. ನಾನು ನರ್ಸ್. ನಮ್ಮ ಮನೆಯವರು ದುಬೈಯ ಜೆಬೆಲ್ ಅಲಿಯಲ್ಲಿರುವ ಒಂದು ಸರಕು ಸಾಗಣೆ ಸಂಸ್ಥೆಯಲ್ಲಿ ಲೆಕ್ಕಪತ್ರ ನೋಡುತ್ತಾರೆ. ಕೆಲಸ ದುಬೈಯಲ್ಲಿ, ವಾಸ ಶಾರ್ಜಾದಲ್ಲಿ ಎಂಬುದು ಇಲ್ಲಿಯ ಸಾವಿರಾರು ಸಂಸಾರಗಳ ಹಣೆಬರಹ. ಕಾರಣ ಮನೆ ಬಾಡಿಗೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ರಸ್ತೆಯಲ್ಲಿ ಕಾಲದ ರೂಪದಲ್ಲಿ ತೆರಬೇಕು. ಬೆಳಿಗ್ಗೆ ಆರು ಗಂಟೆಗೆ ಮನೆ ಬಿಟ್ಟರೆ ಅವರು ಎಂಟಕ್ಕೆ ಮೊದಲು ಮೇಜಿನ ಮುಂದೆ ಕುಳಿತಿರುತ್ತಾರೆ. ಅದೇ ಆರೂವರೆಗೆ ಹೊರಟರೆ ಎಂಟೂವರೆ ಆದರೂ ಆಯಿತೇ. ಸಂಜೆಯೂ ಇದೇ ಕತೆ. ದಿನಕ್ಕೆ ಮೂರು, ಮೂರೂವರೆ ಗಂಟೆ ವಾಹನದಲ್ಲೇ ಕಳೆದುಹೋಗುತ್ತದೆ.

ನನ್ನದು ಇನ್ನೊಂದು ಬಗೆ. ಇಲ್ಲಿಯ ಖಾಸಗಿ ಚಿಕಿತ್ಸಾಲಯಗಳಲ್ಲಿ 'ಸ್ಪ್ಲಿಟ್ ಡ್ಯೂಟಿ' ಎಂಬುದೊಂದಿದೆ. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ ಒಂದು ಪಾಳಿ, ಸಂಜೆ ಐದರಿಂದ ರಾತ್ರಿ ಒಂಬತ್ತರವರೆಗೆ ಮತ್ತೊಂದು. ಒಟ್ಟು ಎಂಟೇ ಗಂಟೆ. ಕಾಗದದ ಮೇಲೆ ನೋಡಿದರೆ ನಡುವೆ ನಾಲ್ಕು ಗಂಟೆ ವಿರಾಮವೂ ಉಂಟು. ಆದರೆ ಆ ನಾಲ್ಕು ಗಂಟೆಯಲ್ಲಿ ಮನೆಗೆ ಬಂದು, ಅಡುಗೆ ಮಾಡಿ, ಉಂಡು, ಸ್ವಲ್ಪ ಅಡ್ಡಾಗುವಷ್ಟರಲ್ಲಿ ಮತ್ತೆ ಸಮವಸ್ತ್ರ ತೊಡಬೇಕು. ಅವರು ಸಂಜೆ ಏಳಕ್ಕೆ ಮನೆಗೆ ಬರುವಾಗ ನಾನಿರುವುದಿಲ್ಲ. ನಾನು ಒಂಬತ್ತೂವರೆಗೆ ಬರುವಾಗ ಅವರು ಊಟ ಮುಗಿಸಿ ಕಣ್ಣೆಳೆಯುತ್ತಾ ಕುಳಿತಿರುತ್ತಾರೆ. ನಮ್ಮ ಸಂಸಾರ ಬಹುಕಾಲ ನಡೆದದ್ದು ಫ್ರಿಜ್ಜಿನ ಬಾಗಿಲಿನ ಮೇಲೆ ಅಂಟಿಸಿದ ಚೀಟಿಗಳ ಮೂಲಕ. 'ಸಾರು ಒಳಗಿದೆ, ಬಿಸಿ ಮಾಡಿಕೊಳ್ಳಿ.' 'ಬಾಡಿಗೆ ಚೆಕ್ಕು ಐದನೇ ತಾರೀಖಿಗೆ.' 'ಅಮ್ಮನಿಗೆ ಫೋನ್ ಮಾಡು, ಮಂಡಿ ನೋವಂತೆ.' ಕೈಫೋನಿನಲ್ಲಿ ಸಂದೇಶ ಕಳಿಸುವ ಕಾಲ ಬಂದ ಮೇಲೂ ನಾವು ಚೀಟಿಯನ್ನು ಬಿಡಲಿಲ್ಲ. ಕೈಬರಹದಲ್ಲಿ ಒಬ್ಬರು ಮನೆಯಲ್ಲಿ ಇದ್ದುಹೋದ ಗುರುತು ಉಳಿಯುತ್ತದೆ ಎಂಬುದು ಅವರ ವಾದ.

ಈಗ ವಾರದ ರಜೆಯ ವಿಷಯಕ್ಕೆ ಬರುತ್ತೇನೆ. ಇದು ಊರಿನವರಿಗೆ ವಿಚಿತ್ರವೆನಿಸಬಹುದು. ಇಲ್ಲಿ ವಾರವೇ ಎರಡು ಬಾರಿ ಜರುಗಿದೆ. ಸರ್ಕಾರಿ ಕಚೇರಿಗಳಿಗೆ ಮೊದಲು ಗುರುವಾರ ಮತ್ತು ಶುಕ್ರವಾರ ರಜೆಯಿತ್ತಂತೆ. 2006ರ ಸೆಪ್ಟೆಂಬರಿನಲ್ಲಿ ಅದು ಶುಕ್ರವಾರ ಮತ್ತು ಶನಿವಾರವಾಯಿತು. ನಾವು ಬಂದಾಗ ಇದ್ದದ್ದು ಆ ಪದ್ಧತಿ. ಹಳೆಯ ಕಾರ್ಮಿಕ ಕಾನೂನು ಶುಕ್ರವಾರವನ್ನೇ ವಾರದ ವಿಶ್ರಾಂತಿಯ ದಿನವೆಂದು ಹೇಳುತ್ತಿತ್ತು. ಹೀಗಾಗಿ ಕ್ರೈಸ್ತರಾದ ನಮಗೂ ಶುಕ್ರವಾರವೇ ಬಲಿಪೂಜೆಯ ದಿನ, ಮಕ್ಕಳ ಧರ್ಮೋಪದೇಶದ ದಿನ, ಗಾನವೃಂದದ ಅಭ್ಯಾಸದ ದಿನ. ಶಾರ್ಜಾದ ಯರ್ಮೂಕ್ ಬಡಾವಣೆಯಲ್ಲಿರುವ ಸಂತ ಮಿಖಾಯಿಲರ ದೇವಾಲಯದಲ್ಲಿ ಶುಕ್ರವಾರ ಮುಂಜಾನೆಯಿಂದ ರಾತ್ರಿಯವರೆಗೆ ಒಂದಾದ ಮೇಲೊಂದು ಭಾಷೆಯ ಪೂಜೆಗಳು. ಒಂದು ಭಾಷೆಯವರು ಹೊರಬರುವ ಬಾಗಿಲಲ್ಲೇ ಮತ್ತೊಂದು ಭಾಷೆಯವರು ಒಳನುಗ್ಗಲು ಕಾದಿರುತ್ತಿದ್ದರು. ಭಾನುವಾರ ಮಾತ್ರ ಉಳಿದ ದಿನಗಳಂತೆ ಒಂದು ಕೆಲಸದ ದಿನ. ಈಸ್ಟರ್ ಹಬ್ಬದ ಬೆಳಿಗ್ಗೆಯೂ ನಾನು ರೋಗಿಗಳ ರಕ್ತದೊತ್ತಡ ಅಳೆದಿದ್ದೇನೆ. ಮೊದಲೆರಡು ವರ್ಷ ಇದು ಮನಸ್ಸಿಗೆ ಚುಚ್ಚುತ್ತಿತ್ತು. ಆಮೇಲೆ ರೂಢಿಯಾಯಿತು. ಎರಡನೇ ಜಾನ್ ಪಾಲರು 1998ರಲ್ಲಿ ಭಾನುವಾರದ ಮಹತ್ವದ ಬಗೆಗೇ ಒಂದು ಪ್ರೇಷಿತ ಪತ್ರ ಬರೆದಿದ್ದಾರೆ. ಪ್ರಭುವಿನ ದಿನವೆಂದರೆ ವಾರಾಂತ್ಯದ ರಜೆಯಷ್ಟೇ ಅಲ್ಲ ಎಂಬುದು ಅದರ ಒಂದು ಮುಖ್ಯ ವಿಚಾರ. ಅದನ್ನು ಶುಕ್ರವಾರದ ಮಧ್ಯಾಹ್ನ ಕುಳಿತು ಓದಿದ ಅನುಭವ ನನ್ನದು!

2022ರ ಜನವರಿಯಿಂದ ಈ ದೇಶ ಮತ್ತೊಮ್ಮೆ ವಾರವನ್ನು ಬದಲಿಸಿತು. ಶುಕ್ರವಾರ ಅರ್ಧ ದಿನ ಕೆಲಸ, ಶನಿವಾರ ಮತ್ತು ಭಾನುವಾರ ರಜೆ. ಶಾರ್ಜಾದ ಸರ್ಕಾರ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ನೌಕರರಿಗೆ ಶುಕ್ರವಾರವೂ ಸೇರಿ ಮೂರು ದಿನ ಬಿಡುವು ಕೊಟ್ಟಿತು. ನಮ್ಮ ಜನರಲ್ಲಿ ಆಗ ಉಂಟಾದ ಸಂಭ್ರಮವನ್ನು ಹೇಳಲಾರೆ. ಹೊರದೇಶಕ್ಕೆ ಬಂದು ಕಳೆದುಕೊಂಡಿದ್ದ ಭಾನುವಾರ ಮರಳಿ ಸಿಕ್ಕಿತಲ್ಲಾ ಎಂದು ಹಿರಿಯರು ಕಣ್ಣೊರೆಸಿಕೊಂಡರು. ನಮ್ಮ ಮನೆಯವರ ಸಂಸ್ಥೆಯೂ ಭಾನುವಾರಕ್ಕೆ ರಜೆಯನ್ನು ಸರಿಸಿತು.

ನಮ್ಮ ಮನೆಯಲ್ಲಿ ಆದದ್ದು ಬೇರೆ. ಅಲ್ಲಿಯವರೆಗೆ ನಾನು ಕೆಲಸ ಮಾಡುವ ಚಿಕಿತ್ಸಾಲಯಕ್ಕೆ ಶುಕ್ರವಾರ ರಜೆಯಿತ್ತು. ವಾರದಲ್ಲಿ ಒಂದು ದಿನವಾದರೂ ಇಬ್ಬರೂ ಒಟ್ಟಿಗೆ ಇರುತ್ತಿದ್ದೆವು. ಹೊಸ ಪದ್ಧತಿ ಬಂದ ಮೇಲೆ ಆಡಳಿತದವರು ವಾರದ ಏಳೂ ದಿನ ಬಾಗಿಲು ತೆರೆಯಲು ನಿರ್ಧರಿಸಿದರು. ಇದರಲ್ಲಿ ಅವರನ್ನು ದೂರುವಂಥದ್ದೇನೂ ಇಲ್ಲ. ದುಡಿಯುವವರಿಗೆ ಬಿಡುವಾಗುವ ದಿನವೇ ರೋಗಿಗಳು ಬರುವುದು. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನೂ ವಾರಕ್ಕೆ ಕನಿಷ್ಠ ಒಂದು ದಿನ ಸಂಬಳಸಹಿತ ವಿಶ್ರಾಂತಿ ಕೊಡಬೇಕೆನ್ನುತ್ತದೆಯೇ ಹೊರತು ಅದು ಇಂಥದೇ ದಿನವಾಗಬೇಕೆಂದು ಕಟ್ಟು ಹಾಕುವುದಿಲ್ಲ. ನನಗೆ ಮಂಗಳವಾರ ಸಿಕ್ಕಿತು. ಅವರಿಗೆ ಭಾನುವಾರ. ಇಡೀ ದೇವಾಲಯ ಭಾನುವಾರ ಮರಳಿ ಬಂತೆಂದು ಹಾಡುತ್ತಿದ್ದಾಗ, ನಮ್ಮಿಬ್ಬರ ಕೈಯಿಂದ ಇದ್ದ ಒಂದು ದಿನವೂ ಜಾರಿತ್ತು. ಅದೇ ವರ್ಷ ಮಗನನ್ನು ಪಿಯುಸಿಗೆಂದು ಮೈಸೂರಿನಲ್ಲಿ ಅವನ ಅಜ್ಜಿಯ ಬಳಿ ಬಿಟ್ಟು ಬಂದಿದ್ದೆವು. ಮಂಗಳವಾರಗಳಂದು ಖಾಲಿ ಮನೆಯಲ್ಲಿ ನಾನೊಬ್ಬಳೇ ಇರುತ್ತಿದ್ದೆ. ಭಾನುವಾರಗಳಂದು ಅವರೊಬ್ಬರೇ. ಇಬ್ಬರಿಗೂ ಬಿಡುವಿತ್ತು, ವಿಶ್ರಾಂತಿ ಇರಲಿಲ್ಲ. ಇವೆರಡೂ ಬೇರೆ ಬೇರೆ ಎಂಬುದು ನನಗೆ ಅರಿವಾಗತೊಡಗಿದ್ದು ಆ ದಿನಗಳಲ್ಲೇ.

ಒಬ್ಬರೇ ಇದ್ದಾಗ ಆ ಬಿಡುವನ್ನು ಸಮುದಾಯ ತುಂಬುತ್ತದೆ. ಪರದೇಶದಲ್ಲಿ 'ನಮ್ಮವರು' ಎಂಬ ಮಾತಿಗೆ ಇರುವ ತೂಕವನ್ನು ಊರಿನಲ್ಲಿದ್ದು ಅಳೆಯುವುದು ಕಷ್ಟ. ಹೊಸದಾಗಿ ಬಂದ ಹುಡುಗನನ್ನು ವಿಮಾನ ನಿಲ್ದಾಣದಿಂದ ಕರೆತರುವುದು, ಅವನಿಗೊಂದು ಹಾಸಿಗೆಯ ಜಾಗ ಹುಡುಕುವುದು, ಊರಿಗೆ ಹೊರಟವರ ಕೈಯಲ್ಲಿ ಇನ್ನೊಬ್ಬರ ತಾಯಿಗೆ ಔಷಧಿ ಕಳಿಸುವುದು, ಬಾಣಂತಿಗೆ ಸಾರು ಮಾಡಿ ಕೊಡುವುದು, ಕೆಲಸ ಹೋದವನಿಗೆ ಎರಡು ತಿಂಗಳು ಕೈಹಿಡಿಯುವುದು - ಇವೆಲ್ಲ ಊರಿನಲ್ಲಿ ಅಣ್ಣತಮ್ಮಂದಿರು, ಅತ್ತೆ ಚಿಕ್ಕಮ್ಮಂದಿರು ಮಾಡುವ ಕೆಲಸಗಳು. ಇಲ್ಲಿ ಪರಿಚಯವಾಗಿ ಆರು ತಿಂಗಳಾದವರು ಮಾಡುತ್ತಾರೆ. 2020ರ ಮಾರ್ಚಿನಲ್ಲಿ ದೇವಾಲಯಗಳ ಬಾಗಿಲು ಮುಚ್ಚಿದಾಗ, ಒಂದೇ ಕೋಣೆಯಲ್ಲಿ ಎಂಟು ಹತ್ತು ಮಂದಿ ಇರುವ ಕಡೆಗಳಿಗೆ ಅಕ್ಕಿ ಬೇಳೆ ಮುಟ್ಟಿಸಿದವರು ಈ ನಮ್ಮವರೇ. ಆಗ ನಾನು ಮುಖಗವಸಿನೊಳಗೆ ದಿನ ಕಳೆಯುತ್ತಿದ್ದೆ. ನಮ್ಮ ಮನೆಯವರು ಮನೆಯಿಂದಲೇ ಕೆಲಸ ಮಾಡುತ್ತಾ, ಮೇ ತಿಂಗಳಲ್ಲಿ ಊರಿಗೆ ವಿಮಾನಗಳು ಹೊರಟಾಗ ಗರ್ಭಿಣಿಯರ, ವೃದ್ಧರ ಹೆಸರುಗಳನ್ನು ಪಟ್ಟಿ ಮಾಡಿ ಅರ್ಜಿ ತುಂಬಿಸುತ್ತಿದ್ದರು.

ಎಲ್ಲಕ್ಕಿಂತ ದೊಡ್ಡದು ಸಾವಿನ ಕೆಲಸ. ಈ ವಿಷಯವನ್ನು ಬರೆಯಲೋ ಬೇಡವೋ ಎಂದು ಯೋಚಿಸಿದೆ. ಆದರೆ ಇದನ್ನು ಬಿಟ್ಟರೆ ಪರದೇಶದ ಸಮುದಾಯವೆಂದರೆ ಕೇವಲ ಹಬ್ಬದ ಊಟವೆಂದು ತಾವು ತಿಳಿದೀರಿ. ಇಲ್ಲಿ ಒಬ್ಬ ಭಾರತೀಯ ತೀರಿಕೊಂಡರೆ ಅವನನ್ನು ಊರ ಮಣ್ಣಿಗೆ ಮುಟ್ಟಿಸುವುದು ಒಬ್ಬರಿಂದ ಆಗುವ ಕೆಲಸವಲ್ಲ. ಆಸ್ಪತ್ರೆಯ ವರದಿ, ಪೊಲೀಸರ ಪತ್ರ, ಮರಣ ಪ್ರಮಾಣಪತ್ರ, ವೀಸಾ ರದ್ದತಿ, ದುಬೈಯ ಭಾರತೀಯ ದೂತಾವಾಸದಲ್ಲಿ ಪಾಸ್‌ಪೋರ್ಟ್ ರದ್ದುಪಡಿಸಿ ಪಡೆಯುವ ಒಪ್ಪಿಗೆ ಪತ್ರ, ದೇಹ ಕೆಡದಂತೆ ಮಾಡುವ ಸಂಸ್ಕಾರ, ಕೊನೆಗೆ ವಿಮಾನದ ಸರಕು ವಿಭಾಗದಲ್ಲಿ ಜಾಗ. ಒಂದು ಕಾಗದ ಸಿಗದೆ ಮುಂದಿನದು ಸಿಗದು. ಭಾರತಕ್ಕೆ ಹೋಗುವ ವಿಮಾನಗಳಲ್ಲಿ ಶವಪೆಟ್ಟಿಗೆಯನ್ನು ತಕ್ಕಡಿಯ ಮೇಲಿಟ್ಟು ತೂಕಕ್ಕೆ ತಕ್ಕಂತೆ ದರ ಕಟ್ಟುವ ಪದ್ಧತಿ ಬಹುಕಾಲ ಇತ್ತು. ಜನರ ಒತ್ತಾಯದ ನಂತರ 2019ರ ಆರಂಭದಲ್ಲಿ ನಿಗದಿತ ದರ ಬಂದಿತು. 2016ರಲ್ಲಿ ಹಾಸನದ ಕಡೆಯ ಯುವಕನೊಬ್ಬ ನಿದ್ದೆಯಲ್ಲೇ ತೀರಿಕೊಂಡಾಗ ನಮ್ಮ ಮನೆಯವರು ಮತ್ತಿಬ್ಬರು ಸೇರಿ ನಾಲ್ಕು ದಿನ ಓಡಾಡಿ ಅವನನ್ನು ಕಳಿಸಿಕೊಟ್ಟರು. ತೂಕದ ಚೀಟಿಯನ್ನು ಅವನ ತಾಯಿಗೆ ಕಳಿಸುವ ಕಾಗದಗಳಿಂದ ಇವರು ಬೇರೆ ತೆಗೆದಿಟ್ಟರು. ಅದು ಇಂದಿಗೂ ನಮ್ಮ ಕಪಾಟಿನಲ್ಲಿದೆ.

ಆ ನಾಲ್ಕು ದಿನ ನಾವಿಬ್ಬರೂ ಒಟ್ಟಿಗೆ ಊಟ ಮಾಡಲಿಲ್ಲ. ಅದರ ಬಗೆಗೆ ನನಗೆ ಅಂದೂ ದೂರಿರಲಿಲ್ಲ, ಇಂದೂ ಇಲ್ಲ.

ದೂರು ಇರುವುದು ಬೇರೆ ಸಂಗತಿಗಳ ಮೇಲೆ. ಸಮುದಾಯದ ಹೆಸರಿನಲ್ಲಿ ನಡೆಯುವ ಎಷ್ಟೋ ಕೆಲಸ ಯಾರ ಕಣ್ಣೀರನ್ನೂ ಒರೆಸುವುದಿಲ್ಲ. ವಾರ್ಷಿಕೋತ್ಸವಕ್ಕೆ ಪೂರ್ವಭಾವಿ ಸಭೆ, ಆ ಸಭೆಯ ದಿನಾಂಕ ನಿಗದಿಪಡಿಸಲು ಇನ್ನೊಂದು ಸಭೆ, ಸ್ವಯಂಸೇವಕರ ಅಂಗಿಯ ಬಣ್ಣ ಕಡುನೀಲಿಯೋ ತಿಳಿನೀಲಿಯೋ ಎಂದು ರಾತ್ರಿ ಹನ್ನೊಂದರವರೆಗೆ ಚರ್ಚೆ. ಸ್ಮರಣಿಕೆಯ ಮೇಲೆ ಯಾರ ಹೆಸರು ಮೊದಲು ಬರಬೇಕೆಂಬ ಮುನಿಸು ಬೇರೆ. ಬಲಿಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ಹತ್ತು ನಿಮಿಷ ಮಾತನಾಡುವ ಸುಖ ಯಾವಾಗ ಮೂರು ಗಂಟೆಯ ಕರ್ತವ್ಯವಾಯಿತೋ ಯಾರಿಗೂ ಗೊತ್ತಾಗಲಿಲ್ಲ. ನಾನು ಯೋಚಿಸಿ ಕಂಡುಕೊಂಡದ್ದೆಂದರೆ, ಇದರ ಹಿಂದೆ ಇರುವುದು ಬಹುಮಟ್ಟಿಗೆ ಭಯ. ಇಲ್ಲಿ ಕಚೇರಿಯಲ್ಲಿ ನಾವೊಂದು ನೌಕರ ಸಂಖ್ಯೆ, ಕಟ್ಟಡದಲ್ಲಿ ಒಂದು ಮನೆ ಸಂಖ್ಯೆ. ಹೆಸರು ಹಿಡಿದು ಕೂಗುವ, ಹಾರ ಹಾಕುವ ಒಂದೇ ಜಾಗ ಈ ಬಳಗ. ಅಲ್ಲಿಂದಲೂ ದೂರ ಸರಿದರೆ ನಾವು ಯಾರೂ ಅಲ್ಲದವರಾಗುತ್ತೇವೆ ಎಂಬ ಅಂಜಿಕೆಗೆ ಎಷ್ಟೋ ಗಂಡಂದಿರು ತಮ್ಮ ಮನೆಯ ಸಂಜೆಗಳನ್ನು ಕಾಣಿಕೆ ಕೊಟ್ಟಿದ್ದಾರೆ. ಹೆಂಗಸರಾದ ನಾವೂ ಕಡಿಮೆಯಿಲ್ಲ, ನಮ್ಮದು ಅಡುಗೆಯ ರೂಪದಲ್ಲಿ.

ಇನ್ನು ದುಡಿಮೆಯ ಆಸೆ. ಅದರ ಬಗೆಗೆ ನಾವು ನಮ್ಮಲ್ಲೇ ಮಾತನಾಡುವುದೂ ಕಡಿಮೆ. ನಾವು ಬಂದ ವರ್ಷ ಒಂದು ದಿರಹಮ್‌ಗೆ ಹನ್ನೊಂದು ಹನ್ನೆರಡು ರೂಪಾಯಿ ಸಿಗುತ್ತಿತ್ತು. 2023ರ ಹೊತ್ತಿಗೆ ಇಪ್ಪತ್ತೆರಡು ದಾಟಿತ್ತು. ದಿರಹಮ್ 1997ರಿಂದ ಡಾಲರಿಗೆ ಕಟ್ಟಿಹಾಕಿಕೊಂಡು ನಿಂತಿದೆ, ಕುಸಿಯುತ್ತಿರುವುದು ನಮ್ಮ ರೂಪಾಯಿ. ರೂಪಾಯಿ ಬಿದ್ದ ದಿನ ಊರಿನ ಪತ್ರಿಕೆಗಳು ಕಳವಳದಿಂದ ಬರೆಯುತ್ತವೆ, ಇಲ್ಲಿ ಹಣ ಕಳಿಸುವ ಅಂಗಡಿಗಳ ಮುಂದೆ ಸಾಲು ಬೆಳೆಯುತ್ತದೆ. ಹೆಚ್ಚುವರಿ ಪಾಳಿಯ ಒಂದೊಂದು ಗಂಟೆಯೂ ಊರಿನ ಲೆಕ್ಕದಲ್ಲಿ ಹಿಗ್ಗುತ್ತಾ ಹೋದಂತೆ ಮನೆಯಲ್ಲಿ ಸುಮ್ಮನೆ ಕುಳಿತ ಗಂಟೆ ನಷ್ಟದ ಬಾಬತ್ತಿನಂತೆ ಕಾಣತೊಡಗುತ್ತದೆ.

ವಿಶ್ರಾಂತಿಯ ಬಗೆಗೆ ಪವಿತ್ರ ಗ್ರಂಥ ಏನು ಹೇಳುತ್ತದೆಂದು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ನನ್ನ ಮನಸ್ಸನ್ನು ಹಿಡಿದದ್ದು ಎರಡು ಭಾಗಗಳು. ಒಂದು, ಸಂತ ಮಾರ್ಕನ ಶುಭಸಂದೇಶದ ಆರನೇ ಅಧ್ಯಾಯ. ಊಟಕ್ಕೂ ಸಮಯವಿಲ್ಲದಷ್ಟು ದಣಿದು ಬಂದ ಶಿಷ್ಯರನ್ನು ಯೇಸುಸ್ವಾಮಿ ನಿರ್ಜನ ಸ್ಥಳಕ್ಕೆ, ದಣಿವಾರಿಸಿಕೊಳ್ಳಲು ಕರೆಯುತ್ತಾರೆ. ಧ್ಯಾನಕೂಟಗಳಲ್ಲಿ ಬೋಧಕರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಮುಂದೆ ಓದಿದರೆ ಆ ವಿಶ್ರಾಂತಿ ಸಿಕ್ಕಲೇ ಇಲ್ಲ. ದೋಣಿ ದಡ ಮುಟ್ಟುವ ಮೊದಲೇ ಜನ ಕಾಲ್ನಡಿಗೆಯಲ್ಲಿ ಬಂದು ಕಾದಿದ್ದರು. ಪ್ರಭು ಅವರನ್ನು ಹಿಂದಕ್ಕೆ ಕಳಿಸಲಿಲ್ಲ, ಮರುಕಗೊಂಡು ಬೋಧಿಸಿದರು, ಸಂಜೆಗೆ ಐದು ಸಾವಿರ ಮಂದಿಗೆ ಊಟವೂ ಆಯಿತು. ಬುಟ್ಟಿ ಹೊತ್ತು ಬಡಿಸಿದವರು ಅದೇ ದಣಿದ ಶಿಷ್ಯರು! ಆದರೆ ಜನರೆಲ್ಲ ಉಂಡ ಕೂಡಲೇ ಪ್ರಭು ಮಾಡಿದ್ದೇನು? ಶಿಷ್ಯರನ್ನು ತಡಮಾಡದೆ ದೋಣಿ ಹತ್ತಿಸಿ, ಗುಂಪನ್ನು ಬೀಳ್ಕೊಟ್ಟು, ತಾವೊಬ್ಬರೇ ಬೆಟ್ಟ ಹತ್ತಿದರು. ಹಸಿದವರಿರುವಾಗ ಎದ್ದು ಹೋಗಲಿಲ್ಲ. ಹಸಿವು ತೀರಿದ ಮೇಲೆ ಜೈಕಾರಕ್ಕೆ ಕಾಯಲಿಲ್ಲ. ಆ ರಾತ್ರಿ ಶಿಷ್ಯರಿಗೆ ಎದುರು ಗಾಳಿಯಲ್ಲಿ ಹುಟ್ಟು ಹಾಕುವ ಕೆಲಸ ಬಿತ್ತೆಂಬುದು ಬೇರೆ ಮಾತು. ರಾತ್ರಿ ಪಾಳಿ ಮಾಡಿದ ನನಗೆ ಅವರ ಮೇಲೆ ವಿಶೇಷ ಅನುಕಂಪ.

ಇನ್ನೊಂದು, ಸಬ್ಬತ್ ದಿನದ ಆಜ್ಞೆ. ಇದು ಎರಡು ಕಡೆ ಬರುತ್ತದೆ, ಎರಡು ಕಾರಣಗಳೊಂದಿಗೆ. ವಿಮೋಚನಾಕಾಂಡದಲ್ಲಿ, ದೇವರು ಸೃಷ್ಟಿಕಾರ್ಯ ಮುಗಿಸಿ ಏಳನೆಯ ದಿನ ವಿಶ್ರಮಿಸಿದರು, ಆದುದರಿಂದ. ಧರ್ಮೋಪದೇಶಕಾಂಡದಲ್ಲಿ ಸೃಷ್ಟಿಯ ಮಾತಿಲ್ಲ. ಅಲ್ಲಿ ಹೇಳುವುದು, ಈಜಿಪ್ಟಿನಲ್ಲಿ ನೀವು ಗುಲಾಮರಾಗಿದ್ದುದನ್ನು ನೆನೆಯಿರಿ, ನಿಮ್ಮ ಆಳುಕಾಳುಗಳೂ ನಿಮ್ಮಂತೆಯೇ ದಣಿವಾರಿಸಿಕೊಳ್ಳಲಿ ಎಂದು. ಪರದೇಶದಲ್ಲಿ ದುಡಿಯುವವರಿಗೆ ಹತ್ತಿರವಾದದ್ದು ಈ ಎರಡನೆಯದು. ದುಡಿಸಿಕೊಳ್ಳುವವರ ಕೈಯಲ್ಲಿ ಸಂಪೂರ್ಣವಾಗಿ ಇಲ್ಲದ ಒಂದು ದಿನ ಮನುಷ್ಯನಿಗೆ ಬೇಕು. ಅದು ದುಡಿಯುವ ಇಬ್ಬರಿಗೂ ಒಟ್ಟಿಗೆ ಸಿಗಬೇಕು ಎಂಬುದು ನಾನು ಸೇರಿಸಿಕೊಂಡ ಮಾತು.

2023ರ ಜೂನ್ ತಿಂಗಳಲ್ಲಿ, ದೋರನಹಳ್ಳಿಯ ಸಂತ ಅಂತೋಣಿಯವರ ಹಬ್ಬವನ್ನು ಇಲ್ಲಿ ನಾವು ನಮ್ಮಷ್ಟಕ್ಕೆ ಆಚರಿಸಿ ಮುಗಿಸಿದ ವಾರ, ಎರಡು ಸಂಗತಿಗಳು ಒಟ್ಟಿಗೆ ಬಂದವು. ಚಿಕಿತ್ಸಾಲಯದಲ್ಲಿ ಚುಚ್ಚುಮದ್ದಿನ ವಿಭಾಗಕ್ಕೆ ಒಬ್ಬರು ಬೇಕಾಗಿದ್ದರು. ಒಂದೇ ಪಾಳಿ, ಭಾನುವಾರ ರಜೆ. ಆದರೆ ಸ್ಪ್ಲಿಟ್ ಡ್ಯೂಟಿಯ ಭತ್ಯೆ, ಹೆಚ್ಚುವರಿ ಪಾಳಿಯ ಹಣ ಎರಡೂ ಇಲ್ಲ. ತಿಂಗಳಿಗೆ ಸುಮಾರು 900 ದಿರಹಮ್ ಕಡಿಮೆ, ಅಂದರೆ ಊರಿನ ಲೆಕ್ಕದಲ್ಲಿ 20,000 ರೂಪಾಯಿ. ಅದೇ ವಾರ ನಮ್ಮ ಕನ್ನಡ ಬಳಗದವರು ಮನೆಗೆ ಬಂದು, ಮುಂದಿನ ಎರಡು ವರ್ಷ ಅಧ್ಯಕ್ಷರಾಗಬೇಕೆಂದು ನಮ್ಮ ಮನೆಯವರನ್ನು ಕೇಳಿಕೊಂಡರು. ಸಿಹಿ ತಂದಿದ್ದರು. ಸಿಹಿ ತಂದವರಿಗೆ ಇಲ್ಲವೆನ್ನುವುದು ನಮ್ಮ ಕಡೆಯವರಿಗೆ ಎಷ್ಟು ಕಷ್ಟವೆಂದು ತಮಗೆ ಗೊತ್ತು.

ಅವರು ಹೋದ ಮೇಲೆ ರಾತ್ರಿ ಒಂದು ಗಂಟೆಯವರೆಗೆ ನಾವು ಮಾತನಾಡಿದೆವು. ಬಹಳ ದಿನಗಳ ಮೇಲೆ ಚೀಟಿಯಿಲ್ಲದೆ ನಡೆದ ಮಾತು. ಇವರು ಲೆಕ್ಕಪತ್ರದವರಲ್ಲವೇ, ಕಾಗದ ತೆಗೆದು ಎರಡು ಕಂಬಸಾಲು ಎಳೆದರು. ಮಗನ ಎಂಜಿನಿಯರಿಂಗ್ ಶುಲ್ಕ ಮುಂದಿನ ವರ್ಷದಿಂದ. ನನ್ನ ತಾಯಿಯ ಔಷಧಿ. ಮೈಸೂರಿನ ಮನೆಯ ಸಾಲದಲ್ಲಿ ಇನ್ನೂ ಆರು ವರ್ಷ. 20,000 ಕಡಿಮೆಯಾದರೆ ಸಾಲ ಆರರ ಬದಲು ಎಂಟು ವರ್ಷ ಎಳೆಯುತ್ತದೆ. ಅಂದರೆ ಎರಡು ವರ್ಷ ತಡವಾಗಿ ಊರಿಗೆ ಮರಳುವುದು. ನಾನು ಕಾಗದ ತೆಗೆದುಕೊಂಡು ಕೆಳಗೆ ಇನ್ನೊಂದು ಲೆಕ್ಕ ಬರೆದೆ: ಈಗಿನ ಕ್ರಮದಲ್ಲಿ ಆರು ವರ್ಷ ದುಡಿದು ಊರಿಗೆ ಮರಳುವಾಗ, ಇಬ್ಬರೂ ಒಟ್ಟಿಗೆ ಮನೆಯಲ್ಲಿ ಎಚ್ಚರವಾಗಿರುವ ದಿನಗಳೆಷ್ಟು? ವರ್ಷದ ರಜೆಯನ್ನು ಬಿಟ್ಟರೆ ಉತ್ತರ ಎರಡು ಕೈಬೆರಳುಗಳಲ್ಲಿ ಮುಗಿಯಿತು. ಅವರು ಬಹಳ ಹೊತ್ತು ಅದನ್ನೇ ನೋಡಿದರು. "ಊರಿಗೆ ಹೋಗಿ ಪರಿಚಯ ಮಾಡಿಕೊಳ್ಳಬೇಕಾಗುತ್ತೇನೋ" ಎಂದರು. ನಗಲೆಂದು ಹೇಳಿದ ಮಾತು, ಇಬ್ಬರೂ ನಗಲಿಲ್ಲ.

ನಾನು ಚುಚ್ಚುಮದ್ದಿನ ವಿಭಾಗಕ್ಕೆ ಸೇರಿದೆ. ಅವರು ಅಧ್ಯಕ್ಷಗಿರಿಯನ್ನು ಒಪ್ಪಲಿಲ್ಲ. ಆದರೆ ಸಾವಿನ ಕಾಗದಗಳ ಕೆಲಸವನ್ನು ಬಿಡುವುದಿಲ್ಲವೆಂದೂ, ಅದಕ್ಕೆ ರಾತ್ರಿ ಹಗಲೆನ್ನದೆ ಕರೆಯಬಹುದೆಂದೂ ಹೇಳಿ ಕಳಿಸಿದರು. ಬಳಗದಲ್ಲಿ ಕೆಲವರಿಗೆ ಬೇಸರವಾಯಿತು. 'ದೊಡ್ಡವರಾಗಿಬಿಟ್ಟರು' ಎಂಬ ಮಾತು ಮೂರನೆಯವರ ಬಾಯಿಂದ ಕಿವಿಗೆ ಬಿತ್ತು. ಇವರು ಎರಡು ದಿನ ಮಂಕಾಗಿದ್ದರು. ಎಂಟು ತಿಂಗಳ ಮೇಲೆ ಹಾಗೆಂದವರ ಮನೆಯಲ್ಲೇ ಹಿರಿಯರೊಬ್ಬರು ತೀರಿಕೊಂಡರು. ಇವರು ಹೋದರು. ಅಲ್ಲಿಗೆ ಆ ಮಾತು ಮುಗಿಯಿತು.

ಒಟ್ಟಿಗೆ ಸಿಕ್ಕ ಮೊದಲ ಭಾನುವಾರಗಳು ಚೆನ್ನಾಗಿದ್ದವೆಂದು ಹೇಳಿದರೆ ಸುಳ್ಳಾದೀತು. ಬೆಳಿಗ್ಗೆ ಪೂಜೆ ಮುಗಿಸಿ ಹತ್ತೂವರೆಗೆ ಮನೆ ಸೇರಿದರೆ ಎದುರಿಗೆ ಇಡೀ ದಿನ ನಿಂತಿರುತ್ತಿತ್ತು. ಏನು ಮಾಡಬೇಕೆಂದೇ ತಿಳಿಯದು. ನಾನು ಪರದೆಗಳನ್ನು ತೆಗೆದು ಒಗೆದೆ. ಅವರು ಹಳೆಯ ಬಿಲ್ಲುಗಳನ್ನು ವರ್ಷವಾರು ಜೋಡಿಸಿದರು. ಮಾತು ಸಾರಿನಿಂದ ಬಾಡಿಗೆಗೆ, ಬಾಡಿಗೆಯಿಂದ ಮಗನ ಅಂಕಗಳಿಗೆ ಹೋಗಿ ನಿಂತುಬಿಡುತ್ತಿತ್ತು. ಚೀಟಿಯಲ್ಲಿ ಹಿಡಿಸುವಷ್ಟೇ ಮಾತು ನಮ್ಮಲ್ಲಿ ಉಳಿದಿತ್ತು. ಮೂರ್ನಾಲ್ಕು ತಿಂಗಳು ಹೀಗೇ ನಡೆಯಿತು. ಚಳಿಗಾಲ ಬಂದ ಮೇಲೆ ಸಂಜೆ ಖಾಲಿದ್ ಲಗೂನಿನ ದಂಡೆಯಲ್ಲಿ ನಡೆಯತೊಡಗಿದೆವು. ನಡೆಯುವಾಗ ಮುಖ ನೋಡಬೇಕಿಲ್ಲವಾದ್ದರಿಂದ ಮಾತು ಸಲೀಸು. ಮದುವೆಯಾಗಿ ಇಷ್ಟು ವರ್ಷಗಳ ಮೇಲೆ, ಚಿಕ್ಕಂದಿನಲ್ಲಿ ಗುರುಗಳಾಗಬೇಕೆಂದು ಗುರುಮಠದ ಬಾಗಿಲವರೆಗೆ ಹೋಗಿ, ರಾತ್ರಿ ತಾಯಿಯ ನೆನಪಾಗಿ ಹಿಂದಿರುಗಿದ ಕತೆಯನ್ನು ಇವರು ಹೇಳಿದ್ದು ಆ ದಂಡೆಯಲ್ಲಿ.

ಈಗ ನಮ್ಮ ಭಾನುವಾರದಲ್ಲಿ ಮೂರನೆಯವರೊಬ್ಬರಿದ್ದಾರೆ. ನಮ್ಮ ಬೀದಿಯ ಆಚೆಗಿನ ಮನೆಯೊಂದರಲ್ಲಿ ಮನೆಗೆಲಸ ಮಾಡಿಕೊಂಡಿರುವ ಹೆಣ್ಣುಮಗಳು. ಕೋಲಾರದ ಚಿನ್ನದ ಗಣಿಯ ಕಡೆಯವಳು. ತಂದೆ ಗಣಿಯಲ್ಲಿದ್ದರು, 2001ರಲ್ಲಿ ಗಣಿ ಮುಚ್ಚಿತು. ಮನೆಗೆಲಸದವರಿಗೂ ವಾರಕ್ಕೊಂದು ದಿನ ರಜೆ ಎಂಬ ಕಾನೂನು ಈ ದೇಶದಲ್ಲಿ 2017ರಲ್ಲೇ ಬಂದಿದೆ, 2022ರ ಹೊಸ ಕಾನೂನಿನಲ್ಲಿಯೂ ಇದೆ. ಆದರೆ ಹೋಗಲು ಒಂದು ಮನೆಯಿಲ್ಲದವರಿಗೆ ರಜೆಯ ದಿನ ಕೊಟ್ಟರೆ ಅವರು ಅದನ್ನು ಎಲ್ಲಿಟ್ಟುಕೊಳ್ಳಬೇಕು? ಇವಳು ದೇವಾಲಯದ ಅಂಗಳದ ಕಟ್ಟೆಯ ಮೇಲೆ ಸಂಜೆಯವರೆಗೆ ಕುಳಿತಿರುತ್ತಿದ್ದಳು. ಬೇಸಿಗೆಯಲ್ಲಿ ಆ ಕಟ್ಟೆ ಕಾದ ಹೆಂಚು. ಒಂದು ದಿನ ಮನೆಗೆ ಕರೆದೆವು.

ನನಗೆ ಮೊದಲು ಸಣ್ಣ ಅಳುಕಿತ್ತು, ಮುಚ್ಚಿಡುವುದಿಲ್ಲ. 900 ದಿರಹಮ್ ಬಿಟ್ಟು ಗಳಿಸಿದ ದಿನವಲ್ಲವೇ ಇದು, ಇಬ್ಬರದೇ ಆಗಿರಬೇಕಾದದ್ದು? ಅವಳು ಬಂದರೆ ಇದು ಮತ್ತೆ ಸಮಾಜಸೇವೆಯಾಗುವುದಿಲ್ಲವೇ? ಇವರೊಂದಿಗೆ ಚರ್ಚಿಸಿದೆ. "ಅವಳಿಗೇನೂ ಮಾಡೋದು ಬೇಡ. ನಾವು ಹೇಗಿರ್ತೀವೋ ಹಾಗೇ ಇರೋಣ" ಎಂದರು. ಹಾಗೆಯೇ ನಡೆಯುತ್ತಿದೆ. ಅವಳಿಗೆ ನಾವು ವಿಶೇಷ ಅಡುಗೆ ಮಾಡುವುದಿಲ್ಲ, ಅವಳಿಂದ ಒಂದು ಲೋಟ ತೊಳೆಸುವುದೂ ಇಲ್ಲ. ಮೊದಮೊದಲು ಎದ್ದೆದ್ದು ಪಾತ್ರೆಗೆ ಕೈ ಹಾಕುತ್ತಿದ್ದಳು, ಗದರಿಸಿ ಕೂಡಿಸಬೇಕಾಯಿತು. ಮುದ್ದೆ, ಸೊಪ್ಪಿನ ಸಾರು ಉಂಡು, ಊರಿನ ಮಾತಾಡಿ, ಎರಡು ಗಂಟೆಯ ಹೊತ್ತಿಗೆ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿಬಿಡುತ್ತಾಳೆ. ನಾವಿಬ್ಬರೂ ಒಳಕೋಣೆಯಲ್ಲಿ ದನಿ ತಗ್ಗಿಸಿ ಮಾತನಾಡುತ್ತೇವೆ, ಮಗು ಮಲಗಿರುವ ಮನೆಯಲ್ಲಿ ಆಡಿದಂತೆ. ಐದಕ್ಕೆ ಅವಳು ಯಜಮಾನಿಯ ಮನೆಯಲ್ಲಿರಬೇಕು. ನಾಲ್ಕು ಕಾಲಿಗೆ ಎಬ್ಬಿಸಬೇಕೆಂದು ಅವಳೇ ಹೇಳಿದ್ದಾಳೆ. ಇವರು ನಾಲ್ಕೂವರೆಯವರೆಗೆ ಎಬ್ಬಿಸಲು ಬಿಡುವುದಿಲ್ಲ, ತಾವೇ ಕಾರಿನಲ್ಲಿ ಬಿಟ್ಟು ಬರುತ್ತಾರೆ.